ಜೋಡಿ ಬಾಕ್ಸಿಗೆ ವರಾನ್ವೇಷಣೆ

"ಬರ್ರಿ ಬರ್ರಿ! ಚಪ್ಪಲಿ ಹೊರಗ ಬಿಟ್ಟು ಬರ್ರಿ! ಒಳಗ ಹೆಣ್ಣು ಕುಂತಾವ!"

ನಮ್ಮ ಮುರಿಗೆಪ್ಪ ಕಾಕಾ ಗೋಡೌನಿನ ಬಾಗಿಲಲ್ಲಿ ನಿಂತು ಹೀಗೆ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಾಗ ನಾನು ಡ್ಯೂಟಿ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದೆ. ನನ್ನ ಹೆಸರು ದಾಕ್ಷಾಯಣಿ. ಬ್ಯಾಡಗಿಯಿಂದ ಹಿರೇಕೆರೂರಿಗೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರ್. ಮದುವೆಗೆ ಇನ್ನೊಂದೇ ವಾರ ಉಳಿದಿದ್ದ ಹುಡುಗಿ ಎಂಬುದು ಅದರ ನಂತರದ ಮಾತು.

ಗೋಡೌನು ಮೊದಲು ಮೆಣಸಿನಕಾಯಿ ತುಂಬಿಡುವ ಜಾಗವಾಗಿತ್ತು. ಅಜ್ಜ ತೀರಿಕೊಂಡ ಮೇಲೆ ಕಾಕಾ ಅದನ್ನು ತನ್ನ ಪ್ರಯೋಗಶಾಲೆ ಮಾಡಿಕೊಂಡಿದ್ದ. ತೊಲೆಗಳ ಮೇಲೆ ಹಳೆಯ ಮೆಣಸಿನಕಾಯಿ ಪುಡಿ ಇನ್ನೂ ಗೇಣುದ್ದ ಕುಳಿತಿತ್ತು. ಗುಡಿಸು ಎಂದರೆ, "ವಿಜ್ಞಾನಿಗಳು ತಲಿ ಮ್ಯಾಲೆತ್ತಿ ನೋಡಂಗಿಲ್ಲ" ಎನ್ನುತ್ತಿದ್ದ.

ಒಳಗೆ ಹೆಣ್ಣುಗಳೇನೂ ಇರಲಿಲ್ಲ. ಆಳೆತ್ತರದ ಎರಡು ಡಿಜೆ ಬಾಕ್ಸುಗಳು ಅಕ್ಕತಂಗಿಯರಂತೆ ಪಕ್ಕಪಕ್ಕದಲ್ಲಿ ನಿಂತಿದ್ದವು. ಎರಡಕ್ಕೂ ಕುಂಕುಮ ಹಚ್ಚಿ ಮಲ್ಲಿಗೆ ಮುಡಿಸಲಾಗಿತ್ತು. ಒಂದಕ್ಕೆ ಸೀರೆಯನ್ನೂ ಹೊದಿಸಲಾಗಿತ್ತು.

"ಅಯ್ಯ! ಅದು ನನ್ನ ಇಳಕಲ್ ಸೀರಿ!" ಎಂದು ನೀಲವ್ವ ಕಾಕಿ ಚೀರಿದಳು. "ಇವರ ಮನಿ ಹಾಳಾಗ, ಡಬ್ಬಿಗೆ ಉಡಿಸ್ಯಾರ!"

"ನಿನ್ನ ಮನಿ ನನ್ನ ಮನಿ ಒಂದ ಐತಿ, ಸ್ವಲ್ಪ ನೋಡಿ ಬೈಯಿ!" ಎಂದ ಕಾಕಾ.

ಈ ಬಾಕ್ಸುಗಳ ಹಿಂದೆ ಒಂದು ದೊಡ್ಡ ರಗಳೆ ಇದೆ. ಅದನ್ನು ಹೇಳದೆ ಮುಂದೆ ಹೋದರೆ ನನಗೆ ಯಾಕೆ ಇಷ್ಟು ಸಿಟ್ಟು ಎಂಬುದು ನಿಮಗೆ ತಿಳಿಯುವುದಿಲ್ಲ.

ನಾನು ಮದುವೆಯಾಗಬೇಕಿದ್ದ ಫಕೀರೇಶ ನನ್ನದೇ ಬಸ್ಸಿನ ಡ್ರೈವರ್. ಬಹಳ ಒಳ್ಳೆಯವನು, ಆದರೆ ಮಾತಿನಲ್ಲಿ ಬಡವ. ಹತ್ತು ಮಾತು ಬೇಕಾದಲ್ಲಿ ಒಂದು ಹಾರ್ನ್ ಹೊಡೆದು ಮುಗಿಸುತ್ತಾನೆ. ನಾನು ಒಂದು ಸೀಟಿ ಹೊಡೆದರೆ ನಿಲ್ಲಿಸುತ್ತಾನೆ, ಎರಡು ಹೊಡೆದರೆ ಬಿಡುತ್ತಾನೆ. ಇದಕ್ಕಿಂತ ಹೆಚ್ಚಿನ ಹೊಂದಾಣಿಕೆ ಯಾವ ಗಂಡಹೆಂಡಿರ ನಡುವೆ ಇದೆ ಹೇಳಿ! ಆದರೆ ಅವನಿಗೊಬ್ಬ ಸೋದರಮಾವ ಇದ್ದರು, ಚನ್ನವೀರಪ್ಪ. ತಂದೆಯಿಲ್ಲದ ಹುಡುಗನಿಗೆ ಅವರೇ ಹಿರಿಯರು. ಹೆಣ್ಣು ನೋಡಲು ಬಂದ ದಿನ ನಮ್ಮ ಮನೆಯ ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದು, ಮೀಸೆ ಒರೆಸಿಕೊಂಡು, "ಹುಡುಗಿ ಚಲೋ ಅದಾಳ. ಧ್ವನಿ ಮಾತ್ರ ಸ್ವಲ್ಪ ಸಣ್ಣದು ಮಾಡ್ಬೇಕು" ಎಂದಿದ್ದರು.

"ನನ್ನೇನು ರೇಡಿಯೋ ಅಂದ್ಕೊಂಡೀರೇನ್ರಿ, ಕಿವಿ ಹಿಂಡಿದ್ರ ಸಣ್ಣಾಗಾಕ?" ಎಂದಿದ್ದೆ ನಾನು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ನಿಶ್ಚಯದ ದಿನ ಅವರು ಇನ್ನೊಂದು ಮೆಟ್ಟಿಲು ಹತ್ತಿದರು. ನಿಬ್ಬಣದ ಮೆರವಣಿಗೆಗೆ ಹೆಣ್ಣಿನವರು ಡಿಜೆ ತರಿಸಬೇಕಂತೆ, ಮದುವೆಯಾದ ಮೇಲೆ ನಾನು ಕೆಲಸ ಬಿಡಬೇಕಂತೆ! ನಮ್ಮಪ್ಪ "ನೋಡೂಣ ಬಿಡ್ರಿ" ಎಂದು ಗೋಡೆ ನೋಡಿದ. ಫಕೀರೇಶನಿಗೆ ಹೊಡೆಯಲು ಅಲ್ಲಿ ಹಾರ್ನೂ ಇರಲಿಲ್ಲ. ಆಗ ಮಧ್ಯೆ ಬಾಯಿ ಹಾಕಿದವನು ನಮ್ಮ ಕಾಕಾ. ಹುಮ್ಮಸ್ಸು ಬಂದರೆ ಅವನಿಗೆ ಹಿಂದುಮುಂದು ಇಲ್ಲ.

"ಚನ್ನವೀರಪ್ಪನೋರ, ನಾ ತರೋ ಡಿಜೆ ಮುಂದ ನಿಮ್ಮ ಮಾತು ನಿಮಗ ಕೇಳಿಸಿದ್ರ ನಮ್ಮ ದಾಕ್ಷಿ ಅವತ್ತ ಕೆಲಸ ಬಿಡತಾಳ! ಕೇಳಿಸಲಿಲ್ಲ ಅಂದ್ರ ನೀವು ಜನ್ಮದಾಗ ಆ ಮಾತು ಎತ್ತಬಾರದು!"

"ಆತು!" ಎಂದು ಅವರು ತೊಡೆ ತಟ್ಟಿದರು.

ನನ್ನ ಕೆಲಸ, ನನ್ನ ಸೀಟಿ, ಪಣಕ್ಕಿಟ್ಟವನು ಕಾಕಾ! ಪಗಡೆಯಾಡಿದ ಧರ್ಮರಾಯ ಇವನ ಮುಂದೆ ಜಾಣ. ನಾನು ಅವತ್ತೇ ಹೇಳಿದೆ, ಈಗಲೂ ಹೇಳುತ್ತೇನೆ: ನನ್ನ ಕೆಲಸ ಯಾರಪ್ಪನ ಮನೆಯ ಪಗಡೆ ಕಾಯೂ ಅಲ್ಲ. ಆದರೆ ಹಿರಿಯರ ನಡುವೆ ಮಾತು ಬಿದ್ದಾಗಿತ್ತು. ಡಿಜೆ ಸೋತರೆ ಒಂದೋ ಸೀಟಿ ಬಿಡಬೇಕು, ಇಲ್ಲವೇ ಫಕೀರೇಶನನ್ನು. ಎರಡನ್ನೂ ಬಿಡುವ ಮನಸ್ಸು ನನಗಿರಲಿಲ್ಲ.

"ಬಾಕ್ಸು ಬಂದಾವಲ್ಲ, ಹಚ್ಚು ಮತ್ತ" ಎಂದೆ ಕಾಕಾನಿಗೆ.

"ಹುಚ್ಚಿ! ಬರೇ ಬಾಕ್ಸು ಹಾಡತಾವೇನು? ಧ್ವನಿಗೆ ಬಲಾ ತುಂಬೋ ಆಂಪ್ಲಿಫೈಯರ್ ಬೇಕು. ಅದೂ ಎಂಥಾದು ಅಂದ್ರ ಅಂಥಾದು ನಡಿಯಂಗಿಲ್ಲ. ಸಣ್ಣದು ಹಚ್ಚಿದ್ರ ತಾಕತ್ತಿಲ್ದ ಚೀರಾಡಿ ಬಾಕ್ಸಿನ ಗಂಟಲಾ ಹರೀತೈತಿ. ದೊಡ್ಡದು ಹಚ್ಚಿದ್ರ ಒಂದ ಏಟಿಗೆ ಬಾಕ್ಸು ಬೂದಿ!"

ಬಾಕ್ಸು ಬಾಡಿಗೆಗೆ ಕೊಟ್ಟ ಸೌಂಡ್ ಸರ್ವಿಸಿನ ದಾದಾಪೀರ ಅಲ್ಲೇ ನಿಂತಿದ್ದ. "ಅದಕ್ಕೇನೈತ್ರಿ ಕಾಕಾ? ಎಷ್ಟು ವ್ಯಾಟು ತಡೀತೈತಿ ಅಂತ ಬಾಕ್ಸಿನ ಬೆನ್ನ ಮ್ಯಾಲ ಬರದೈತಿ. ಅದಕ್ಕಿಂತ ಒಂದೂವರಿ ಪಟ್ಟಿಂದು ಹಚ್ಚಿ, ಕೈ ಬಿಗಿ ಹಿಡಿದು ಧ್ವನಿ ಕೊಟ್ರ ಮುಗೀತು" ಎಂದ.

"ಬೆನ್ನ ಮ್ಯಾಲ ಬರದಿದ್ದು ನಂಬಿ ಯಾರರ ಹೆಣ್ಣು ಕೊಡತಾರೇನೋ!" ಎಂದು ಕಾಕಾ ಗುಡುಗಿ, ಮೂಲೆಯಲ್ಲಿದ್ದ ಚಾದರವನ್ನು ಎಳೆದ.

ಅಲ್ಲಿತ್ತು ಅವನ ಹೊಂದಾಣಿಕೆ ಯಂತ್ರ! ಕೆಳಗೆ ಮೆಣಸಿನಕಾಯಿ ತೂಗುವ ತಕ್ಕಡಿ, ನಡುವೆ ಹಿಟ್ಟಿನ ಗಿರಣಿಯ ಹೊಟ್ಟೆ, ಮೇಲೆ ಕಾಕಿಯ ಹಳೆಯ ಕಂಪ್ಯೂಟರ್. ನಾಡಿ ಹಿಡಿಯಲು ಎರಡು ಹಿತ್ತಾಳೆಯ ಕೈ. ಇಲ್ಲಿ ಒಂದು ವಿಷಯ ಹೇಳಬೇಕು. ನೀಲವ್ವ ಕಾಕಿ ಬಹಳ ವರ್ಷ ವಧೂವರರ ಕೇಂದ್ರ ನಡೆಸಿದವಳು. ಆ ಕಂಪ್ಯೂಟರ್ ತಾಲ್ಲೂಕಿನ ಸಮಸ್ತ ಗಂಡುಗಳ ಬಡಾಯಿಯನ್ನೂ ಹೆಣ್ಣು ಹೆತ್ತವರ ತಕರಾರುಗಳನ್ನೂ ಕುಡಿದು ಬೆಳೆದದ್ದು. ಹೊಂದಾಣಿಕೆ ನೋಡುವ ಬುದ್ಧಿ ಹೊಸದಾಗಿ ಯಾಕೆ ಬರೆಯಬೇಕು, ಮನೆಯಲ್ಲೇ ಇದೆಯಲ್ಲ ಎಂದು ಕಾಕಾ ಅದರ ಮಿದುಳನ್ನೇ ಕಿತ್ತು ಇದಕ್ಕೆ ಹಾಕಿದ್ದ. ಧ್ವನಿಯೂ ಕಾಕಿಯದೇ.

ದಾದಾಪೀರ ಮೊದಲ ಆಂಪ್ಲಿಫೈಯರನ್ನು ತಂದಿಟ್ಟ. ಯಂತ್ರ ಅದರ ನಾಡಿ ಹಿಡಿದು, ತಕ್ಕಡಿಯಲ್ಲಿ ತೂಗಿ, ಗಂಟಲು ಸರಿಮಾಡಿಕೊಂಡಿತು.

"ಹುಡುಗ ಸಾಧು ಅದಾನ, ಆದ್ರ ಮೈಯಾಗ ತಾಕತ್ತಿಲ್ಲ. ಕೈಲಾಗದಾಂವ ಮೈಯೆಲ್ಲಾ ಪರಚಿಕೊಂಡ ಅನ್ನಂಗ ಒದರಾಡ್ತಾನ. ನಮ್ಮ ಹುಡುಗ್ಯಾರ ಗಂಟಲಾ ಹೋಕ್ಕಾವ. ಬ್ಯಾಡ!"

"ನೋಡಿದ್ಯಾ! ನೋಡಿದ್ಯಾ!" ಎಂದು ಕಾಕಾ ಕುಣಿದ. "ವಿಜ್ಞಾನ ಮಾತಾಡಾಕತ್ತೈತಿ!"

ಎರಡನೆಯದನ್ನು ತೂಗಿ, "ಇಂವ ಭಾಳ ಜಬರದಸ್ತ. ಕೈ ಎತ್ತೋ ಸ್ವಭಾವ. ನಮ್ಮ ಹುಡುಗ್ಯಾರು ಬಡಿಸಿಕೊಳ್ಳಾಕ ಹುಟ್ಟ್ಯಾರೇನು?" ಎಂದಿತು. ಮೂರನೆಯದರಲ್ಲಿ ವಿದ್ಯುತ್ತಿನ ತಡೆ ಅಳೆಯುವ ಓಮು ನೋಡಿ, "ಓಮು ಕೂಡಂಗಿಲ್ಲ. ಇಂವ ಒಂದ ಸಮಾ ಬಿಸಿಯಾಗ್ತಾನ, ಮನಿಯಾಗ ದಿನಾ ಜಗಳ" ಎಂದಿತು. ನಾಲ್ಕನೆಯದು ವ್ಯಾಟಿನಲ್ಲಿ, ಓಮಿನಲ್ಲಿ, ತೂಕದಲ್ಲಿ, ಎಲ್ಲದರಲ್ಲೂ ತಾಳೆಯಾಯಿತು. ದಾದಾಪೀರ ತಂತಿ ಕೈಗೆತ್ತಿಕೊಂಡ. ಯಂತ್ರ ಎರಡೂ ಬಾಕ್ಸುಗಳನ್ನು ಒಮ್ಮೆ ತಡವಿ ಕೇಳಿತು:

"ಅಕ್ಕತಂಗೇರಿಬ್ಬರಿಗೂ ಒಬ್ಬಾಂವ ಗಂಡೇನ್ರಿ? ಕಾಯಿದೆ ಒಪ್ಪಂಗಿಲ್ಲ!"

"ಒಂದು ಆಂಪ್ಲಿಫೈಯರಿಗೆ ಎರಡು ಬಾಕ್ಸು ಇರೋದ ಪದ್ಧತಿ!" ಎಂದು ದಾದಾಪೀರ ಹಣೆ ಚಚ್ಚಿಕೊಂಡ.

"ನಾಚಿಕಿ ಆಗಬೇಕು ನಿಮಗ! ನಡೀರಿ ಹೊರಗ!" ಎಂದಿತು ಯಂತ್ರ.

ಕಾಕಾ ಕಾಕಿಯತ್ತ ತಿರುಗಿ, "ನೀ ಸುಮ್ಮಿರು!" ಎಂದ.

"ನಾ ಎಲ್ಲಿ ಮಾತಾಡಿದೆ!" ಎಂದಳು ಕಾಕಿ. ಇಬ್ಬರ ನಡುವೆ ಮುಂದೆ ನಡೆದದ್ದಕ್ಕೂ ಈ ಕತೆಗೂ ಸಂಬಂಧವಿಲ್ಲ. ಇಳಕಲ್ ಸೀರೆ ಮಾತ್ರ ವಾಪಸ್ಸು ಪೆಟ್ಟಿಗೆ ಸೇರಿತು.

ಮರುದಿನ ಕಾಕಾನಿಗೆ ಹೊಸ ಹೊಳಹು ಬಂತು. ನಾವು ಒಂದೊಂದೇ ಗಂಡು ತಂದು ತೋರಿಸುವ ಬದಲು ಯಂತ್ರವೇ ಹುಡುಕಿಕೊಳ್ಳಲಿ ಎಂದು ಅದಕ್ಕೆ ಒಂದು ಏರಿಯಲ್ ಕಟ್ಟಿದ. ಈಗ ತಂತಿಯ ಹಂಗಿಲ್ಲ. ಊರಿನಲ್ಲಿ ಎಲ್ಲಿಯೇ ಆಂಪ್ಲಿಫೈಯರ್ ಇದ್ದರೂ ಯಂತ್ರ ಗಾಳಿಯಲ್ಲೇ ಅದರ ನಾಡಿ ಹಿಡಿದು ಬಾಕ್ಸಿಗೆ ಜೋಡಿಸಿ ನೋಡುತ್ತದಂತೆ.

ಜೋಡಿಸಿತು! ಮೊದಲು ಮೆಣಸಿನಕಾಯಿ ಪೇಟೆಯ ಮೈಕನ್ನು ಹಿಡಿಯಿತು. ಪೇಟೆಯಲ್ಲಿ ಹರಾಜಿನ ಸವಾಲು ಕೂಗುವವನ ಧ್ವನಿ ಅಲ್ಲಿ ನಿಂತು ನಮ್ಮ ಗೋಡೌನಿನಲ್ಲಿ ಸಿಡಿಯಿತು. ನಮ್ಮ ಪಕ್ಕದ ಮನೆಯ ಮುದುಕ ಮಂಚದಲ್ಲೇ ಎದ್ದು ಕುಳಿತು ಎರಡು ಚೀಲ ಕಡ್ಡಿ ಮೆಣಸಿನಕಾಯಿಗೆ ಸವಾಲು ಹಾಕಿದ. "ಭಾಳ ಮಾತಿನಾಂವ, ಬ್ಯಾಡ" ಎಂದು ಯಂತ್ರ ಅದನ್ನು ಬಿಟ್ಟು ಶಾಲೆಯ ಮೈಕನ್ನು ಹಿಡಿಯಿತು. ಹೆಡ್‌ಮಾಸ್ತರರು "ಸಾವಧಾನ್!" ಎಂದರು. ಓಣಿಯ ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮನ್ ಸೈಕಲ್ ಸಮೇತ ನಿಂತ. "ವಯಸ್ಸಾಗೇತಿ, ಬ್ಯಾಡ" ಎಂದು ಅದನ್ನೂ ಬಿಟ್ಟಿತು. ಮೂರನೆಯದು ಯಾವುದೋ ಊರಿನಿಂದ ಬಂದು ಹಾದುಹೋಗುತ್ತಿದ್ದ ಬೇರೊಂದು ಡಿಜೆ ಗಾಡಿ.

ಢಂ!

ಒಂದೇ ಒಂದು ಏಟು. ಗೋಡೌನು ಬುಡದಿಂದ ತುದಿಯವರೆಗೆ ಮೈ ಕೊಡವಿತು. ತೊಲೆಗಳ ಮೇಲೆ ಗೇಣುದ್ದ ಕುಳಿತಿದ್ದ ಅಜ್ಜನ ಕಾಲದ ಮೆಣಸಿನಕಾಯಿ ಪುಡಿ ಒಮ್ಮೆಲೇ ಕೆಳಗಿಳಿದು, ಬಾಗಿಲಿನಿಂದ ಹೊರಟು, ಓಣಿಯ ತುಂಬ ನಡೆದಾಡಿತು. ಆ ಸಂಜೆ ನಮ್ಮ ಓಣಿಯಲ್ಲಿ ಸೀನದವರು ಯಾರೂ ಉಳಿಯಲಿಲ್ಲ. ಸೀನಿ ಸೀನಿ ಹಲ್ಲಿನ ಸೆಟ್ಟು ಕಳೆದುಕೊಂಡವರು ಹುಡುಕಾಡಿದರು. ಎಮ್ಮೆಗಳು ಸೀನಿದವು. ಕಣ್ಣು ಕೆಂಪಗೆ ಮಾಡಿಕೊಂಡ ಜನ ಕಾಕಾನ ಮೇಲೆ ಏರಿ ಬಂದರು. ಕಾಕಾ ಮೂಗಿಗೆ ಟವೆಲ್ ಕಟ್ಟಿಕೊಂಡು, "ಆಕ್ಷೀ... ವಿಜ್ಞಾನಕ್ಕ... ಆಕ್ಷೀ... ತ್ಯಾಗ ಬೇಕು!" ಎಂದ.

"ಈ ಗಂಡೂ ಬ್ಯಾಡ" ಎಂದಿತು ಯಂತ್ರ. "ಬಂದ ಮನಿಯಾಗ ಎಲ್ಲಾರನೂ ಅಳಸ್ತಾನ."

ಹೀಗೆ ವಾರ ಕಳೆದು ಮದುವೆಯ ದಿನ ಬಂತು. ಯಂತ್ರ ಒಪ್ಪುವ ಆಂಪ್ಲಿಫೈಯರ್ ಸಿಗಲಿಲ್ಲ!

ನಮ್ಮಲ್ಲಿ ಗಂಡಿನ ಕಡೆಯವರು ಊರ ಹನುಮಪ್ಪನ ಗುಡಿಯಲ್ಲಿ ಇಳಿಯುತ್ತಾರೆ. ಹೆಣ್ಣಿನವರು ಹೋಗಿ ಎದುರುಗೊಂಡು ನಿಬ್ಬಣ ಕಟ್ಟಿಕೊಂಡು ಮಂಟಪಕ್ಕೆ ಕರೆತರಬೇಕು. ಅಲ್ಲಿಯೇ ಬೀಗರು ಒಂದಿಷ್ಟು ಮುನಿಸಿಕೊಳ್ಳುವುದೂ ಪದ್ಧತಿ. ಎಲೆಅಡಿಕೆ ಕೊಟ್ಟರೆ ಇಳಿಯುವ ಮುನಿಸು ಅದು. ಚನ್ನವೀರಪ್ಪನವರದು ಆ ಜಾತಿಯದಲ್ಲ. ಹೂವಿನಿಂದ ಸಿಂಗರಿಸಿದ ಜೀಪಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತು, "ಡಿಜೆ ಹಾಡೋತನಕ ಈ ಜೀಪು ಅಲುಗಾಡಂಗಿಲ್ಲ, ನಾ ಇಳಿಯಂಗಿಲ್ಲ!" ಎಂದು ಹಟ ಹಿಡಿದರಂತೆ. ಮದುಮಗ ಮುಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿಕೊಂಡು ಕಲ್ಲಿನಂತೆ ಕುಳಿತಿದ್ದನಂತೆ. ಮುಹೂರ್ತ ಹತ್ತಿರ ಬರುತ್ತಿತ್ತು.

ಮದುಮಗಳು ಮಂಟಪದಲ್ಲಿ ತಲೆ ತಗ್ಗಿಸಿ ಕೂರಬೇಕು. ಕೂತೆ. ಒಂದು ಗಳಿಗೆ ಕೂತೆ, ಎರಡು ಗಳಿಗೆ ಕೂತೆ. ಮೂರನೆಯದಕ್ಕೆ ಸೀರೆ ಎತ್ತಿ ಕಟ್ಟಿ ಎದ್ದೆ.

"ಎಲ್ಲಿಗೆ ಹೊಂಟೀಯವ್ವಾ!" ಎಂದು ಅವ್ವ ಬೆನ್ನು ಹತ್ತಿದಳು.

"ಬಸ್ಸು ನಿಂತೈತಿ. ಯಾಕ ನಿಂತೈತಿ ಅಂತ ಕಂಡಕ್ಟರ್ ನೋಡಬಾರದೇನು?" ಎಂದೆ.

ಗುಡಿಯ ಮುಂದೆ ಟ್ರ್ಯಾಕ್ಟರಿನ ಮೇಲೆ ಎರಡು ಬಾಕ್ಸು, ನಡುವೆ ಹೊಂದಾಣಿಕೆ ಯಂತ್ರ. ಬೆವರಿ ತೊಪ್ಪೆಯಾದ ಕಾಕಾ. ಕೈಗಾಡಿಯ ತುಂಬ ಆಂಪ್ಲಿಫೈಯರ್ ಹೇರಿಕೊಂಡು ಬಂದ ದಾದಾಪೀರ. ಅವನು ನೇರವಾಗಿ ತಂತಿ ಜೋಡಿಸಲು ಹೋದರೆ ಯಂತ್ರ ಹಿತ್ತಾಳೆ ಕೈಯಿಂದ ಅವನ ಕೈಗೆ ಹೊಡೆಯುತ್ತಿತ್ತು. "ಹೆಣ್ಣು ಕೊಡೋರು ನಾವು! ಅವಸರ ಮಾಡಬ್ಯಾಡ!"

"ಕಾಕಾ, ಆ ಬಡಿವಾರದ ಮಷೀನು ಬಂದ್ ಮಾಡು!" ಎಂದೆ.

"ಬಂದ್ ಮಾಡಾಕ ಗುಂಡಿ ಇಟ್ಟಿಲ್ಲವಾ. ಮದುವಿ ಅಂದ ಮ್ಯಾಲ ಅರ್ಧಕ್ಕ ನಿಲ್ಲಬಾರದಲ್ಲ!" ಎಂದು ಕಾಕಾ ಅಳುವ ಹಾಗೆ ಹೇಳಿದ.

ಜೀಪಿನಿಂದ ಚನ್ನವೀರಪ್ಪನವರ ನಗು ಕೇಳಿತು. "ಏನ್ ಮುರಿಗೆಪ್ಪಾ? ನನ್ನ ಮಾತು ನನಗ ಚಂದಾಗಿ ಕೇಳಾಕತ್ತೈತಿ! ಕೆಲಸ ಬಿಡತಾಳ ಅಂತ ಬರದು ಕೊಡ್ರಿ, ನಿಬ್ಬಣ ಹೊಂಡತೈತಿ."

ನಮ್ಮಪ್ಪ ನೋಡಲು ಗೋಡೆ ಹುಡುಕಿದ. ಅಲ್ಲಿ ಗೋಡೆ ಇರಲಿಲ್ಲ. ನನಗೆ ಅಳು ಬಂದಿತ್ತು. ಸುಳ್ಳೇಕೆ ಹೇಳಲಿ. ಆದರೆ ಅತ್ತು ಅವರಿಗೆ ಹಬ್ಬ ಮಾಡಿಕೊಡಲು ನಾನು ತಯಾರಿರಲಿಲ್ಲ. ಟ್ರ್ಯಾಕ್ಟರ್ ಹತ್ತಿದೆ. ದಿನಾ ಟಿಕೆಟ್ ಮಷೀನು ಒತ್ತಿ ಒತ್ತಿ ಪಳಗಿದ ಬೆರಳು ನನ್ನದು. ಕಂಪ್ಯೂಟರಿನ ಪರದೆ ತಡಕಿದೆ. ಅಲ್ಲೊಂದು ಸಾಲು ಇತ್ತು: "ಹುಡುಕಬೇಕಾದದ್ದು: ಗಂಡು."

"ಯಾಕ?" ಎಂದೆ. "ಗಂಡೇ ಆಗಬೇಕು ಅಂತ ಯಾರು ಹೇಳ್ಯಾರ?"

"ಅದು... ಪದ್ಧತಿ" ಎಂದ ಕಾಕಾ.

ಅದರ ಪಕ್ಕದಲ್ಲೇ "ಯಾರಾದರೂ ಸರಿ" ಎಂದೂ ಇತ್ತು. ಕಾಕಿ ಬಾಡಿಗೆ ಮನೆ ಹುಡುಕಿಕೊಡುವ ವ್ಯವಹಾರವನ್ನೂ ಇದರಲ್ಲೇ ನಡೆಸಿದ್ದಳು. ಅದನ್ನೇ ಒತ್ತಿದೆ. "ಒಂದು ವಾರದಿಂದ ಊರು ತುಂಬ ಗಂಡು ಹುಡುಕೀಯಲ್ಲವ್ವಾ," ಎಂದು ಗೊಣಗಿದೆ, "ಕಣ್ಣು ಬಿಟ್ಟು ಸುತ್ತಮುತ್ತ ನೋಡು."

ಯಂತ್ರ ನಡುಗಿತು. ತಕ್ಕಡಿ ಗಡಗಡ ಆಡಿತು. ಎರಡು ಹಿತ್ತಾಳೆ ಕೈಗಳು ಬಂದು ನನ್ನ ಎಡಗೈಯ ಮಣಿಕಟ್ಟು ಹಿಡಿದವು.

"ಸಿಕ್ಕಿತು!" ಎಂದು ಕಾಕಿಯ ಧ್ವನಿಯಲ್ಲಿ ಯಂತ್ರ ಸಂಭ್ರಮದಿಂದ ಕೂಗಿತು. "ತಾಕತ್ತೈತಿ, ಒದರಾಡಂಗಿಲ್ಲ! ಜೋರ ಐತಿ, ಗಂಟಲಾ ಹರಿಯಂಗಿಲ್ಲ! ಮೂವತ್ತಾರಕ್ಕ ಮೂವತ್ತಾರು ಗುಣ! ಹಾಕ್ರಿ ಅಕ್ಷತಿ!"

"ಏನಾತಿದಕ್ಕ?" ಎಂದೆ ನಾನು.

"ಏನಾತಿದಕ್ಕ!" ಎಂದವು ಎರಡೂ ಬಾಕ್ಸುಗಳು. ಗುಡಿಯ ಗಂಟೆ ತಾನಾಗಿ ಬಡಿದುಕೊಂಡಿತು. ಬೇವಿನ ಮರದಲ್ಲಿದ್ದ ಕಾಗೆಗಳೆಲ್ಲ ಪಕ್ಕದ ಊರಿಗೆ ಹೋದವು.

ನಾನು ಬೆಚ್ಚಿ, ನನ್ನ ಹಿಂದೆಯೇ ಟ್ರ್ಯಾಕ್ಟರ್ ಹತ್ತಿದ್ದ ಅವ್ವನ ಕಿವಿಯಲ್ಲಿ ಪಿಸುಗುಟ್ಟಿದೆ: "ಅವ್ವಾ, ಆ ಮೀಸಿ ಮಾವನ ಮುಖಾ ನೋಡು, ಎಣ್ಣಿ ಕುಡದಂಗ ಆಗೇತಿ." ಇಡೀ ಬ್ಯಾಡಗಿ ಅವರ ಮುಖ ನೋಡಿತು.

ಅವ್ವ ನನ್ನ ಬಾಯಿ ಮುಚ್ಚಲು ಬಂದಳು. ನಾನು ಅವಳ ಕೈ ಮೆಲ್ಲಗೆ ಸರಿಸಿದೆ. ಹುಟ್ಟಿದಾಗಿನಿಂದ ಧ್ವನಿ ತಗ್ಗಿಸು, ಧ್ವನಿ ತಗ್ಗಿಸು ಎಂದು ಹೇಳಿಸಿಕೊಂಡವಳು ನಾನು. ಇವತ್ತು ಒಂದು ಮಷೀನು, ಅದೂ ನಮ್ಮ ಕಾಕಾನ ಕೆಟ್ಟ ಮಷೀನು, ನಿನ್ನ ಧ್ವನಿ ಸರಿಯಾಗಿದೆ ಎಂದಿತ್ತು. ಇನ್ನು ಬಿಡುವುದುಂಟೆ!

ಚನ್ನವೀರಪ್ಪನವರು ಜೀಪಿನಲ್ಲಿ ಎದ್ದು ನಿಂತು ಕೈ ಎತ್ತಿ ಏನೋ ಹೇಳತೊಡಗಿದರು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

"ಮಾವಾರ," ಎಂದೆ. ಬಾಕ್ಸುಗಳು ಊರಿಗೆಲ್ಲ ಹಂಚಿದವು. "ನಿಮ್ಮ ಮಾತು ನಿಮಗ ಕೇಳಾಕತ್ತೈತೇನ್ರಿ?"

ಅವರು ಎರಡೂ ಕಿವಿ ಮುಚ್ಚಿಕೊಂಡು ಇನ್ನೂ ಏನೋ ಕೂಗಿದರು. ಪಾಪ, ಅವರಿಗೂ ಕೇಳಲಿಲ್ಲ.

"ಪಣಾ ಗೆದ್ದೆವು!" ಎಂದು ಕಾಕಾ ಟವೆಲ್ ಹಾರಿಸಿದ.

"ಸುಮ್ಮಿರು ಕಾಕಾ! ಪಣಾ ಕಟ್ಟಿದಾಂವ ನೀ, ನಾ ಅಲ್ಲ" ಎಂದೆ. "ಮಾವಾರ, ಸರಿಯಾಗಿ ಕೇಳ್ರಿ. ಈ ಬಾಕ್ಸು ಹಾಡದಿದ್ರೂ ನಾ ಕೆಲಸ ಬಿಡತಿದ್ದಿಲ್ಲ. ಈ ಧ್ವನಿಯಿಂದ ನಾ ಉಣ್ಣಾಕತ್ತೀನಿ, ಸಣ್ಣದು ಮಾಡಂಗಿಲ್ಲ. ಇದು ಒಪ್ಪಿಗಿದ್ರ ಬರ್ರಿ, ಹೋಳಿಗಿ ತಯಾರ ಅದಾವ. ಇಲ್ಲಂದ್ರ ಹನುಮಪ್ಪನ ಗುಡಿಯಾಗ ಗಾಳಿ ಚಲೋ ಬರತೈತಿ, ಕುಂದರ್ರಿ. ಆದ್ರ ಫಕೀರೇಶಪ್ಪನೋರು ತಮ್ಮ ಮಾತು ತಾವ ಹೇಳಬೇಕು."

ಎಲ್ಲರೂ ಜೀಪಿನ ಮುಂದಿನ ಸೀಟಿನತ್ತ ನೋಡಿದರು. ಫಕೀರೇಶ ಬಾಸಿಂಗದ ಮುತ್ತುಗಳ ನಡುವಿನಿಂದ ನನ್ನನ್ನು ನೋಡಿದ. ಬಾಯಿ ತೆರೆದ. ಮಾತು ಬರಲಿಲ್ಲ. ಆ ಮನುಷ್ಯನಿಗೆ ಮಾತು ಯಾವತ್ತು ಬಂದಿತ್ತು! ಆಗ ನೆನಪಾಯಿತು, ನಮ್ಮಿಬ್ಬರ ಭಾಷೆ ಅದಲ್ಲವಲ್ಲ.

ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಸೀಟಿ ತೆಗೆದೆ. ಮದುವೆಯ ಸೀರೆಯಲ್ಲೂ ಅದನ್ನು ಬಿಟ್ಟು ಬಂದಿರಲಿಲ್ಲ. ಹೊಡೆದೆ, ಎರಡು ಸಲ.

ಬಾಕ್ಸುಗಳಿಂದ ಹೊರಟ ಆ ಎರಡು ಸೀಟಿಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸುಗಳೆಲ್ಲ ಟೈಮಿಗೆ ಮುಂಚೆಯೇ ಹೊರಟುಹೋದವಂತೆ. ಅದು ಆಮೇಲೆ ತಿಳಿದದ್ದು. ಗುಡಿಯ ಮುಂದೆ ನಡೆದದ್ದು ನಾನೇ ಕಣ್ಣಾರೆ ಕಂಡದ್ದು. ಫಕೀರೇಶ ಪಕ್ಕದಲ್ಲಿದ್ದ ಡ್ರೈವರನನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟ. ಸ್ಟಿಯರಿಂಗ್ ಹಿಡಿದ. ಗೇರ್ ಹಾಕಿದ. ಹಾರ್ನ್ ಹೊಡೆದ, ಉದ್ದಕ್ಕೆ, ಅವನ ಜೀವನದ ಅತಿ ದೊಡ್ಡ ಭಾಷಣ. ಜೀಪು ಹೊರಟಿತು!

ಇಳಿಯುವುದಿಲ್ಲ ಎಂದು ಆಣೆಯಿಟ್ಟಿದ್ದ ಚನ್ನವೀರಪ್ಪನವರು ಇಳಿಯಲಿಲ್ಲ. ಮುನಿಸಿಕೊಂಡೇ ಮಂಟಪಕ್ಕೆ ಬಂದರು, ಮುನಿಸಿಕೊಂಡೇ ಅಕ್ಷತೆ ಹಾಕಿದರು, ಮುನಿಸಿಕೊಂಡೇ ಹೋಳಿಗೆ ಹಾಕಿಸಿಕೊಂಡರು. ಎರಡು ಸಲ.

ಇಷ್ಟಕ್ಕೆ ಮುಗಿಯಬೇಕಿತ್ತು. ಯಂತ್ರವನ್ನು ಕಾಕಾ ಕೊನೆಗೆ ಸುತ್ತಿಗೆಯಿಂದಲೇ ಬಿಚ್ಚಿದ. ಬಾಕ್ಸುಗಳನ್ನು ದಾದಾಪೀರ ವಾಪಸ್ಸು ಒಯ್ದು, ತನಗೆ ತಿಳಿದ ಒಂದೂವರೆ ಪಟ್ಟಿನ ಆಂಪ್ಲಿಫೈಯರ್ ಹಚ್ಚಿ ಬಾಡಿಗೆಗೆ ಬಿಟ್ಟ. ಆದರೆ ಮೂವತ್ತಾರು ಗುಣ ಕೂಡಿ ಆದ ಸಂಬಂಧ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ನಾನು ಹಿರೇಕೆರೂರಿನ ದಾರಿಯಲ್ಲಿ ಬಸ್ಸಿನಲ್ಲಿ ಧ್ವನಿ ಎತ್ತಿದೆನೆಂದರೆ, ಆ ಬಾಕ್ಸುಗಳು ಯಾವ ಊರಿನ ಯಾವ ನಿಬ್ಬಣದಲ್ಲಿದ್ದರೂ ಹಾಡು ನಿಲ್ಲಿಸಿ ನನ್ನ ಮಾತು ಒಪ್ಪಿಸುತ್ತವೆ. "ಮುಂದ ಸರೀರಿ! ಬಾಗಲದಾಗ ನಿಂದರಬ್ಯಾಡ್ರಿ!" ಚೌಕದಲ್ಲಿ ದಾರಿ ಕಟ್ಟಿ ಕುಣಿಯುತ್ತಿದ್ದವರು ಗಾಬರಿಯಾಗಿ ಮುಂದೆ ಸರಿಯುತ್ತಾರೆ. ತಾಲ್ಲೂಕಿನಲ್ಲಿ ಈಗ ಯಾವ ಮುಹೂರ್ತವೂ ತಪ್ಪುತ್ತಿಲ್ಲ. ದಾದಾಪೀರನ ಬಾಕ್ಸಿಗೇ ಬೇಡಿಕೆ ಹೆಚ್ಚು.

ಹೋದ ತಿಂಗಳು ಚನ್ನವೀರಪ್ಪನವರ ಮಗನ ಮದುವೆಯಿತ್ತು. ನನಗೆ ಡ್ಯೂಟಿ ಇದ್ದುದರಿಂದ ಹೋಗಲಾಗಲಿಲ್ಲ. ಊಟದ ಪಂಕ್ತಿಯ ಬಾಗಿಲಲ್ಲಿ ಅವರು ಯಾವುದೋ ಕಾರಣಕ್ಕೆ ಮುನಿಸಿಕೊಂಡು ಅಡ್ಡ ನಿಂತಿದ್ದರಂತೆ. ಅದೇ ಹೊತ್ತಿಗೆ ನನ್ನ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಒಬ್ಬ ಅಜ್ಜ ನಿಂತಿದ್ದ. "ಹಿರಿಯಾರ, ಇಳಿಯೋದಿದ್ರ ಇಳೀರಿ, ಇಲ್ಲಂದ್ರ ಒಳಗ ಸರೀರಿ!" ಎಂದೆ. ಬಸ್ಸಿನ ಅಜ್ಜ ಒಳಗೆ ಸರಿದ. ಅಲ್ಲಿ ಚನ್ನವೀರಪ್ಪನವರೂ ಸರಿದರಂತೆ.

ಇದನ್ನೆಲ್ಲ ಸರಿಪಡಿಸುವ ಹೊಸ ಯಂತ್ರವೊಂದರ ನಕ್ಷೆ ಕಾಕಾನ ಬಳಿ ತಯಾರಿದೆ. ಶುರು ಮಾಡಲೇ ಎಂದು ದಿನಾ ಕೇಳುತ್ತಾನೆ. ಅದಕ್ಕೆ ನಾನಿನ್ನೂ ಎರಡನೇ ಸೀಟಿ ಹೊಡೆದಿಲ್ಲ.